ಮೋಟಾರು ಕೊಠಡಿಯ ದಿನಚರಿ

ಈ ಅಂಕಣದಲ್ಲಿ ಕಂಪ್ಯೂಟರಿನ ವಿಷಯ ಬಂದಾಗಲೆಲ್ಲ ಮಕ್ಕಳಿಗಿಂತ ಅವರ ತಂದೆತಾಯಂದಿರೇ ಹೆಚ್ಚು ಪ್ರಶ್ನೆ ಕೇಳುತ್ತಾರೆ. "ಇದರಿಂದ ನಮ್ಮ ಹುಡುಗನಿಗೆ ಏನು ಪ್ರಯೋಜನ?" ಎಂಬುದು ಅವುಗಳಲ್ಲಿ ಮೊದಲನೆಯದು. ಈ ವಾರ ಅದಕ್ಕೆ ಉತ್ತರವಾಗಿ ಒಂದು ಸುಟ್ಟ ಮೋಟಾರಿನ ವೃತ್ತಾಂತವನ್ನು ಹೇಳಬೇಕೆಂದಿದ್ದೇನೆ. ಅದರಲ್ಲಿ ನನ್ನ ತಪ್ಪಿನ ಪಾಲೂ ಇರುವುದರಿಂದ ಸ್ವಲ್ಪ ಸಂಕೋಚದಿಂದಲೇ ಹೇಳುತ್ತಿದ್ದೇನೆ.

ಪಾಲಕೋಡಿನ ಹೊರಗೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಮನೆಯವರಿಗೆ ಮೂರು ಎಕರೆ ಟೊಮೇಟೊ ತೋಟವಿದೆ. ಹುಡುಗ ಕನ್ನಡ ಮಾಧ್ಯಮದಲ್ಲಿ ಹತ್ತನೆಯ ತರಗತಿ ಮುಗಿಸಿ ಪಾಲಿಟೆಕ್ನಿಕ್ ಸೇರಿದವನು. ಅವರ ತೋಟಕ್ಕೆ ಮೋಟಾರು ಓಡಿಸಲು ಬೇಕಾದ ಮೂರು ಫೇಸಿನ ವಿದ್ಯುತ್ತು ಸರದಿಯ ಮೇಲೆ ಬರುತ್ತದೆ. ಸರದಿ ಎಷ್ಟೋ ಸಲ ನಡುರಾತ್ರಿಗೆ ಬೀಳುತ್ತದೆ. ಉಳಿದ ಹೊತ್ತು ಒಂದು ಫೇಸ್ ಇರುವುದಿಲ್ಲ. ದೀಪ ಉರಿಯುತ್ತದೆ, ಮೋಟಾರು ಓಡಬಾರದು. ಅಪರಾತ್ರಿಯಲ್ಲಿ ಟಾರ್ಚು ಹಿಡಿದು ಹಾವು ಚೇಳುಗಳ ನಡುವೆ ಮೋಟಾರು ಕೊಠಡಿಗೆ ನಡೆಯುವ ಕಷ್ಟವನ್ನು ರೈತರ ಮನೆಗಳಿಗೆ ನಾನು ವಿವರಿಸಬೇಕಾಗಿಲ್ಲ. ಅದನ್ನು ತಪ್ಪಿಸಬೇಕೆಂದು ಹುಡುಗ ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರ್ ತಂದು, ಪೈಥಾನ್ ಭಾಷೆಯಲ್ಲಿ ಪ್ರೋಗ್ರಾಂ ಬರೆದು, ಸ್ಟಾರ್ಟರಿಗೆ ಜೋಡಿಸಿದ. ಫೋನ್ ಕರೆ ಮಾಡಿದರೆ ಮೋಟಾರು ಓಡಬೇಕು. ತೊಟ್ಟಿ ತುಂಬಿದರೆ ನಿಲ್ಲಬೇಕು. ನಡುವೆ ವಿದ್ಯುತ್ ಹೋದರೆ, ಅದು ಮರಳಿದೊಡನೆ ಬಿಟ್ಟ ಕೆಲಸವನ್ನು ಮುಂದುವರಿಸಬೇಕು. ನಮ್ಮ ಮನೆಯ ಮೇಜಿನ ಮೇಲೆ ಇದನ್ನೆಲ್ಲ ಪರೀಕ್ಷಿಸಿ ನೋಡಿ, "ಸರಿಯಾಗಿದೆ" ಎಂದು ಬೆನ್ನು ತಟ್ಟಿದವನು ನಾನೇ.

ಮೂರು ತಿಂಗಳು ಎಲ್ಲವೂ ಚೆನ್ನಾಗಿ ನಡೆಯಿತು. ಬೇಸಿಗೆ ಬಲಿತು ಕೊಳವೆಬಾವಿಯ ನೀರು ಕೆಳಗಿಳಿದ ಮೇಲೆ ಒಂದು ರಾತ್ರಿ ಮೋಟಾರು ಸುಟ್ಟುಹೋಯಿತು. ಅದನ್ನು ಬಾವಿಯಿಂದ ಮೇಲೆತ್ತಿ, ಕಾಯಿಲ್ ಸುತ್ತಿಸಿ, ಮತ್ತೆ ಇಳಿಸುವ ಹೊತ್ತಿಗೆ ಒಂದು ಕೊಯ್ಲಿನ ಹಣ ಕೈಬಿಟ್ಟಿತು. ತೋಟದಲ್ಲಿ ಕಾವಲಿಗೂ ನೀರು ಕಟ್ಟುವುದಕ್ಕೂ ವಯಸ್ಸಾದ ಒಬ್ಬರಿದ್ದಾರೆ. ಮನೆಯ ಮಕ್ಕಳೆಲ್ಲ ಅವರನ್ನು ತಾತ ಎಂದೇ ಕರೆಯುತ್ತಾರೆ. ಸ್ಟಾರ್ಟರಿನ ಹಸಿರು ಗುಂಡಿಯನ್ನು ಕೈಯಿಂದ ಒತ್ತಬಲ್ಲವರು ಅವರೊಬ್ಬರೇ. "ನಾ ಮುಟ್ಲಿಲ್ಲ ಸಾಮಿ" ಎಂದು ಅವರು ಹೇಳಿದರು. ಯಂತ್ರ ಏನನ್ನೂ ಹೇಳಲಿಲ್ಲ. ಮಾತಾಡಿದವನ ಮೇಲೆಯೇ ಅನುಮಾನ ಬೀಳುವುದು ಲೋಕರೂಢಿ. ತಾತನ ಎರಡು ತಿಂಗಳ ಕೂಲಿಯಲ್ಲಿ ಒಂದು ಭಾಗವನ್ನು ಮನೆಯವರು ಹಿಡಿದುಕೊಂಡರು.

ಹುಡುಗನಿಗೆ ಇದು ಸರಿಬೀಳಲಿಲ್ಲ. ಲ್ಯಾಪ್‌ಟಾಪ್ ಹೊತ್ತು ನನ್ನಲ್ಲಿಗೆ ಬಂದ. ಇಬ್ಬರೂ ಕೂತು ಪ್ರೋಗ್ರಾಮನ್ನು ಮೊದಲಿನಿಂದ ಕೊನೆಯವರೆಗೆ ಎರಡು ಸಲ ಓದಿದೆವು. ತಪ್ಪೇನೂ ಕಾಣಲಿಲ್ಲ. ಕಾಣದಿರಲು ಒಂದು ಕಾರಣವಿದೆ. ಈ ಬರಹದ ಮುಖ್ಯ ವಿಷಯವೂ ಅದೇ ಆದ್ದರಿಂದ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಶಾಲೆಯಲ್ಲಿ ನಾವು ಮೊದಲು ಕಲಿಸುವ ಪ್ರೋಗ್ರಾಮುಗಳು ಅಡುಗೆಯ ವಿಧಾನದಂತಿರುತ್ತವೆ. ಮೊದಲ ಸಾಲು, ಎರಡನೆಯ ಸಾಲು, ಹೀಗೆ ಮೇಲಿನಿಂದ ಕೆಳಗಿಳಿದು ಮುಗಿಯುತ್ತವೆ. ಹತ್ತು ಸಂಖ್ಯೆಗಳ ಸರಾಸರಿ ಕಂಡುಹಿಡಿಯುವ ಪ್ರೋಗ್ರಾಮನ್ನು ಓದಿದರೆ ಅದು ಏನು ಮಾಡಿತೆಂಬುದು ತಿಳಿದುಹೋಗುತ್ತದೆ. ಮೋಟಾರಿನ ಪ್ರೋಗ್ರಾಂ ಅಂಥದ್ದಲ್ಲ. ಅದು ಸುಮ್ಮನೆ ಕಾದು ಕೂತಿರುತ್ತದೆ. ಕರೆ ಬಂದರೆ ಒಂದು ತುಣುಕು ಎದ್ದು ಕೆಲಸ ಮಾಡಿ ಮಲಗುತ್ತದೆ. ತೊಟ್ಟಿಯ ತೇಲುಗುಂಡು ಮೇಲೆದ್ದರೆ ಇನ್ನೊಂದು ತುಣುಕು ಏಳುತ್ತದೆ. ಗುಂಡಿ ಒತ್ತಿದರೆ ಮತ್ತೊಂದು. ಇಂಥವಕ್ಕೆ ಘಟನಾಧಾರಿತ ಪ್ರೋಗ್ರಾಮುಗಳೆಂದು ಹೆಸರು. ಒಂದೊಂದು ತುಣುಕನ್ನೂ ಓದಿ ಸರಿಯೆನ್ನಬಹುದು. ಆದರೆ ಯಾವ ತುಣುಕಿನ ಹಿಂದೆ ಯಾವುದು ಎದ್ದಿತು, ನಡುವೆ ಎಷ್ಟು ಹೊತ್ತು ಕಳೆಯಿತು ಎಂಬುದು ಪ್ರೋಗ್ರಾಮಿನಲ್ಲಿ ಬರೆದಿರುವುದಿಲ್ಲ. ಅದನ್ನು ಹೊರಗಿನ ಲೋಕ ಆ ರಾತ್ರಿ ತೀರ್ಮಾನಿಸುತ್ತದೆ. ಆದ್ದರಿಂದ ನಡೆದದ್ದು ನಡೆದಾಗಲೇ ಬರೆದಿಡದಿದ್ದರೆ ಬೆಳಿಗ್ಗೆ ತಿಳಿಯುವ ದಾರಿಯೇ ಇಲ್ಲ.

ನಮ್ಮ ಊರಿನ ಮೂಲಕ ಹಾದುಹೋಗುವ ಬೆಂಗಳೂರು–ಸೇಲಂ ರೈಲುಮಾರ್ಗವನ್ನೇ ನೋಡಿ. ನಿಲ್ದಾಣವೂ ಘಟನೆಗಳಿಗಾಗಿ ಕಾದು ಕೂತಿರುವ ಒಂದು ವ್ಯವಸ್ಥೆ: ಗಾಡಿ ಹಳಿಯ ಒಂದು ತುಂಡನ್ನು ಏರಿತು, ಗೇಟು ಮುಚ್ಚಿತು, ಸಿಗ್ನಲ್ ಹಸಿರಾಯಿತು. ಭಾರತೀಯ ರೈಲ್ವೆ ತನ್ನ ನಿಲ್ದಾಣಗಳ ಸಿಗ್ನಲ್ ಕೊಠಡಿಗಳಲ್ಲಿ ಡೇಟಾ ಲಾಗರ್ ಎಂಬ ಪೆಟ್ಟಿಗೆಯನ್ನು ಇಡುತ್ತದೆ. ಪ್ರತಿಯೊಂದು ರಿಲೇ ಎದ್ದದ್ದನ್ನೂ ಬಿದ್ದದ್ದನ್ನೂ ಅದು ಗಂಟೆ, ನಿಮಿಷ, ಸೆಕೆಂಡುಗಳೊಡನೆ ಬರೆದುಕೊಳ್ಳುತ್ತದೆ. ಅಪಘಾತವಾದಾಗ ತನಿಖಾಧಿಕಾರಿಗಳು ಮೊದಲು ವಶಪಡಿಸಿಕೊಳ್ಳುವ ವಸ್ತುಗಳಲ್ಲಿ ಅದೂ ಒಂದು. ಲಾಗ್ ಎಂಬ ಪದದ ಮೂಲವೂ ಪ್ರಯಾಣದ್ದೇ. ಹಿಂದಿನ ನಾವಿಕರು ಗಂಟು ಹಾಕಿದ ಹಗ್ಗಕ್ಕೆ ಮರದ ತುಂಡೊಂದನ್ನು ಕಟ್ಟಿ ನೀರಿಗೆಸೆದು ಹಡಗಿನ ವೇಗವನ್ನು ಅಳೆಯುತ್ತಿದ್ದರು. ಆ ಮರದ ತುಂಡಿನ ಹೆಸರು ಅಳತೆಯನ್ನು ಬರೆಯುವ ಪುಸ್ತಕಕ್ಕೂ ಅಂಟಿಕೊಂಡಿತು.

ಹುಡುಗ ಪ್ರೋಗ್ರಾಂ ಬರೆಯುವಾಗ ಏನನ್ನೂ ಬರೆಯಿಸಿರಲಿಲ್ಲವೆಂದಲ್ಲ. "ಇಲ್ಲಿಗೆ ಬಂದೆ", "ಗುಂಡಿ ಒತ್ತಿತು" ಎಂದು ಪರದೆಯ ಮೇಲೆ ತೋರಿಸುವ ಮೂವತ್ತು ನಲವತ್ತು ಸಾಲುಗಳಿದ್ದವು. ತೋಟಕ್ಕೆ ಒಯ್ಯುವ ಮುನ್ನ ಅವನ್ನೆಲ್ಲ ಒರೆಸಿ ಹಾಕಿದ್ದ. ಕಟ್ಟಡ ಮುಗಿದ ಮೇಲೆ ಸಾರುವೆ ಬಿಚ್ಚಬೇಕು ಎಂದು ಅವನಿಗೆ ಹೇಳಿಕೊಟ್ಟವನು ನಾನು. ಉಪಮೆ ಚೆನ್ನಾಗಿತ್ತು, ಬುದ್ಧಿವಾದ ತಪ್ಪಾಗಿತ್ತು.

ಎಷ್ಟು ತಪ್ಪು ಎಂಬುದಕ್ಕೆ ದೂರದ ಒಂದು ಸಾಕ್ಷಿಯಿದೆ. 1997ರ ಜುಲೈ 4ರಂದು ಅಮೆರಿಕದ ಪಾತ್‌ಫೈಂಡರ್ ನೌಕೆ ಮಂಗಳ ಗ್ರಹದ ಮೇಲೆ ಇಳಿಯಿತು. ಕೆಲವು ದಿನಗಳಲ್ಲಿಯೇ ಅದರ ಕಂಪ್ಯೂಟರ್ ತಾನಾಗಿಯೇ ಆರಿ ಮತ್ತೆ ಹೊತ್ತಿಕೊಳ್ಳತೊಡಗಿತು. ಕೋಟ್ಯಂತರ ಕಿಲೋಮೀಟರ್ ದೂರದ ಯಂತ್ರವನ್ನು ಬಿಚ್ಚಿ ನೋಡುವಂತಿಲ್ಲ. ಆದರೆ ಪ್ರಯೋಗಾಲಯದಲ್ಲಿ ಘಟನೆಗಳ ಜಾಡನ್ನು ಬರೆದುಕೊಳ್ಳುತ್ತಿದ್ದ ಭಾಗಗಳನ್ನು ಎಂಜಿನಿಯರುಗಳು ಒರೆಸದೆ ಹಾಗೆಯೇ ಬಿಟ್ಟು ಕಳಿಸಿದ್ದರು. ಅದೇ ಪ್ರೋಗ್ರಾಮನ್ನು ಭೂಮಿಯ ಮೇಲಿದ್ದ ಪ್ರತಿಕೃತಿಯಲ್ಲಿ ಓಡಿಸಿ, ಜಾಡನ್ನು ಬರೆಯಿಸಿ, ಅವಸರದ ಕೆಲಸವೊಂದು ಕಡಿಮೆ ಪ್ರಾಮುಖ್ಯದ ಕೆಲಸಕ್ಕಾಗಿ ಕಾದು ಸಿಕ್ಕಿಹಾಕಿಕೊಳ್ಳುತ್ತಿದೆ ಎಂದು ಕಂಡುಕೊಂಡರು. ಪ್ರೋಗ್ರಾಮಿನೊಳಗೆ ಬದಲಾಯಿಸಲು ಬರುವಂತೆ ಇಟ್ಟಿದ್ದ ಒಂದು ಆಯ್ಕೆಯನ್ನು ಭೂಮಿಯಿಂದಲೇ ತಿರುಗಿಸಿದರು; ದೋಷ ಹೋಯಿತು.

ನಮ್ಮದು ಮಂಗಳ ಗ್ರಹವಲ್ಲ, ಬೈಕಿನಲ್ಲಿ ಇಪ್ಪತ್ತು ನಿಮಿಷದ ದಾರಿ. ಆದರೂ ರಾತ್ರಿ ಎರಡು ಗಂಟೆಗೆ ಅದೂ ಮಂಗಳ ಗ್ರಹದಷ್ಟೇ ದೂರ.

ಎರಡನೆಯ ಪ್ರಯತ್ನದಲ್ಲಿ ಹುಡುಗ ಎಲ್ಲವನ್ನೂ ಬರೆಯಿಸಿದ. ಅದೂ ಕೆಲಸಕ್ಕೆ ಬರಲಿಲ್ಲ. ನೀರು ಬೀಳುವಾಗ ತೊಟ್ಟಿಯಲ್ಲಿ ಅಲೆಯೇಳುತ್ತದೆ, ತೇಲುಗುಂಡು ಕುಣಿಯುತ್ತದೆ. ಅದು ಕುಣಿದಷ್ಟು ಸಲವೂ ಒಂದೊಂದು ಸಾಲು. ಬೆಳಗಾಗುವಷ್ಟರಲ್ಲಿ ಸಾವಿರಾರು ಸಾಲುಗಳಾಗಿದ್ದವು. ಅವುಗಳ ನಡುವೆ ಬೇಕಾದ ನಾಲ್ಕು ಸಾಲುಗಳನ್ನು ಹುಡುಕುವುದು ಹುಲ್ಲಿನ ಬಣವೆಯಲ್ಲಿ ಕಳೆದ ಓಲೆಯನ್ನು ಹುಡುಕಿದಂತೆ. ಸಾಲದ್ದಕ್ಕೆ, ಬರೆಯುವುದರಲ್ಲಿಯೇ ಮುಳುಗಿದ್ದ ಪ್ರೋಗ್ರಾಂ ಒಮ್ಮೆ ಫೋನ್ ಕರೆಯನ್ನೇ ಗಮನಿಸಲಿಲ್ಲ.

ಇಲ್ಲಿಂದ ಮುಂದೆ ನಿಜವಾದ ಪಾಠ. ಬರೆಯುವ ಮಾತುಗಳಿಗೆಲ್ಲ ಒಂದೇ ತೂಕವಿಲ್ಲ. ಯೂನಿಕ್ಸ್ ಕಂಪ್ಯೂಟರುಗಳಲ್ಲಿ 1980ರ ದಶಕದಲ್ಲಿ ಎರಿಕ್ ಆಲ್ಮನ್ ರೂಪಿಸಿದ ಸಿಸ್‌ಲಾಗ್ ವ್ಯವಸ್ಥೆ ಮಾತುಗಳನ್ನು ಎಂಟು ಮಟ್ಟಗಳಾಗಿ ವಿಂಗಡಿಸಿತು. ಪೈಥಾನ್ ಭಾಷೆಗೆ ಇಂಥ ಸೌಲಭ್ಯ ಬೇಕೆಂಬ ಪ್ರಸ್ತಾವವನ್ನು ವಿನಯ್ ಸಾಜಿಪ್ ಮತ್ತು ಟ್ರೆಂಟ್ ಮಿಕ್ 2002ರಲ್ಲಿ ಮುಂದಿಟ್ಟರು. ಮರುವರ್ಷದ ಆವೃತ್ತಿಯಲ್ಲಿ ಅದು ಭಾಷೆಯೊಳಗೇ ಬಂತು. ಅದರಲ್ಲಿ ಐದು ಮಟ್ಟಗಳು: ಡಿಬಗ್ 10, ಇನ್ಫೋ 20, ವಾರ್ನಿಂಗ್ 30, ಎರರ್ 40, ಕ್ರಿಟಿಕಲ್ 50. ತೇಲುಗುಂಡಿನ ಕುಣಿತ ಡಿಬಗ್. ಮೋಟಾರು ಓಡತೊಡಗಿದ್ದು ಇನ್ಫೋ. ಅರ್ಧ ಗಂಟೆಯಾದರೂ ತೊಟ್ಟಿಯ ನೀರು ಏರದಿರುವುದು ವಾರ್ನಿಂಗ್. ರಕ್ಷಣೆಯ ರಿಲೇ ಬಿದ್ದದ್ದು ಎರರ್. ಇಂಥ ಮಟ್ಟದಿಂದ ಮೇಲಿನದನ್ನು ಮಾತ್ರ ಬರೆ ಎಂದು ಹೇಳಿದರೆ ಕೆಳಗಿನವು ಮೌನವಾಗುತ್ತವೆ. ನಾವೇನೂ ಹೇಳದಿದ್ದರೆ ಪೈಥಾನ್ ವಾರ್ನಿಂಗ್ ಮತ್ತು ಅದಕ್ಕಿಂತ ಮೇಲಿನದನ್ನಷ್ಟೇ ತೋರಿಸುತ್ತದೆ.

ಧರ್ಮಪುರಿ ಸೀಮೆಯಲ್ಲಿ ಎಡವಿದಲ್ಲೆಲ್ಲ ವೀರಗಲ್ಲುಗಳುಂಟು. ಯಾವ ಅರಸನ ಎಷ್ಟನೆಯ ವರ್ಷ, ಯಾರು ತುರು ಹಿಡಿದರು, ಯಾರು ಹೋರಾಡಿ ಸತ್ತರು ಎಂದು ನಾಲ್ಕೇ ಸಾಲಿನಲ್ಲಿ ಕೊರೆದಿರುತ್ತಾರೆ. ಅವು ಕ್ರಿಟಿಕಲ್ ಮಟ್ಟದ ದಾಖಲೆಗಳು. ಆ ದಿನ ಊರಿನಲ್ಲಿ ಎಷ್ಟು ಹಸು ಕರೆದವು ಎಂಬುದು ಕಲ್ಲಿನ ಮೇಲಿಲ್ಲ. ಅದನ್ನು ಹಾಲಿನ ಸೊಸೈಟಿಯ ರಿಜಿಸ್ಟರು ಬರೆದುಕೊಳ್ಳುತ್ತದೆ, ಅಲ್ಲಿ ವೀರಮರಣಕ್ಕೆ ಕಾಲಂ ಇಲ್ಲ. ಎರಡೂ ಬೇಕು, ಆದರೆ ಒಂದೇ ಕಡೆ ಬೇಡ.

ಮಟ್ಟವನ್ನು ಪ್ರೋಗ್ರಾಮಿನ ಒಳಗೇ ಬರೆದುಬಿಟ್ಟರೆ ಮತ್ತೆ ತೊಂದರೆ. ಇಂದು ಕಡಿಮೆ ಬೇಕು, ನಾಳೆ ದೋಷ ಕಂಡಾಗ ಹೆಚ್ಚು ಬೇಕು. ಪ್ರತಿ ಸಲವೂ ಪ್ರೋಗ್ರಾಮನ್ನು ತಿದ್ದಹೋದರೆ ಬರೆಯುವ ಸಾಲಿನ ಜೊತೆಗೆ ಮೋಟಾರು ಓಡಿಸುವ ಸಾಲೂ ಕೆಡಬಹುದು. ಆದ್ದರಿಂದ ಆಯ್ಕೆಗಳನ್ನೆಲ್ಲ ಪ್ರತ್ಯೇಕವಾದ ಒಂದು ಚಿಕ್ಕ ಫೈಲಿನಲ್ಲಿ ಇಟ್ಟೆವು. 'ಫೋನ್', 'ತೊಟ್ಟಿ', 'ವಿದ್ಯುತ್', 'ಮೋಟಾರು' ಎಂದು ಪ್ರೋಗ್ರಾಮಿನ ನಾಲ್ಕು ಭಾಗಗಳಿಗೆ ನಾಲ್ಕು ಹೆಸರು. ಒಂದೊಂದರ ಎದುರಿಗೂ ಅದರ ಮಟ್ಟ. ತೊಟ್ಟಿ ಸುಮ್ಮನಿರಲಿ, ವಿದ್ಯುತ್ತಿನ ವಿಷಯವನ್ನು ಮಾತ್ರ ವಿವರವಾಗಿ ಬರೆ ಎಂದು ಒಂದು ಪದ ಬದಲಾಯಿಸಿ ಹೇಳಬಹುದು. ಫೈಲು ಬದಲಾದದ್ದೂ ಒಂದು ಘಟನೆಯೇ ಅಲ್ಲವೆ? ನಿಮಿಷಕ್ಕೊಮ್ಮೆ ಅದನ್ನು ನೋಡಿ, ಬದಲಾಗಿದ್ದರೆ ಹೊಸದಾಗಿ ಓದಿಕೊಳ್ಳುವಂತೆ ಮಾಡಿದೆವು, ಮೋಟಾರನ್ನು ನಿಲ್ಲಿಸಬೇಕಾಗಿಲ್ಲ. "ಆಯ್ಕೆ ಬದಲಾಯಿತು" ಎಂಬ ಸಾಲನ್ನು ಮಾತ್ರ ಯಾವ ಮಟ್ಟದಲ್ಲಿಯೂ ಅಡಗಿಸಲಾಗದಂತೆ ಇಟ್ಟೆವು. ಯಾರೋ ದಾಖಲೆಯ ಬಾಯಿ ಮುಚ್ಚಿಸಿದ್ದರೆ, ಮುಚ್ಚಿಸಿದ್ದಾದರೂ ದಾಖಲಾಗಬೇಕು.

ಒಂದು ಸಲ ಹುಡುಗನ ತಂಗಿ ಆ ಫೈಲಿನಲ್ಲಿ ಕಾಗುಣಿತ ತಪ್ಪಿದಳು. ಇಡೀ ಪ್ರೋಗ್ರಾಂ ನಿಂತುಹೋಯಿತು. ದಿನಚರಿ ಬರೆಯುವ ಪೆನ್ನು ಸರಿಯಿಲ್ಲವೆಂದು ಗೃಹಿಣಿ ಒಲೆ ಆರಿಸಿ ಕೂರುವುದುಂಟೆ? ಆಯ್ಕೆ ತಪ್ಪಾಗಿದ್ದರೆ ಹಳೆಯ ಆಯ್ಕೆಯಲ್ಲಿಯೇ ಮುಂದುವರಿದು, ತಪ್ಪಾಗಿದೆ ಎಂದು ಒಂದು ಸಾಲು ಬರೆಯುವಂತೆ ತಿದ್ದಿದೆವು.

ಬರೆಯುವ ಭರದಲ್ಲಿ ಕರೆ ತಪ್ಪಿಹೋಗುವುದಕ್ಕೂ ಉಪಾಯವಿದೆ. ಟೊಮೇಟೊ ಮಂಡಿಯಲ್ಲಿ ತೂಗುವವನು ಲೆಕ್ಕ ಬರೆಯುತ್ತ ಕೂರುವುದಿಲ್ಲ. ಚೀಟಿಯನ್ನು ಮೊಳೆಗೆ ಚುಚ್ಚಿ ಮುಂದಿನ ಕ್ರೇಟಿಗೆ ಕೈ ಹಾಕುತ್ತಾನೆ, ಗುಮಾಸ್ತ ಆಮೇಲೆ ಪುಸ್ತಕಕ್ಕೆ ಏರಿಸುತ್ತಾನೆ. ಪೈಥಾನಿನಲ್ಲಿಯೂ ಇಂಥ ಮೊಳೆಯೊಂದಿದೆ, ಅದರ ಹೆಸರು ಕ್ಯೂ ಹ್ಯಾಂಡ್ಲರ್. ಆದರೆ ವಿದ್ಯುತ್ ಹಠಾತ್ತನೆ ಹೋದರೆ ಮೊಳೆಯಲ್ಲಿದ್ದ ಚೀಟಿಗಳೆಲ್ಲ ಹೋದಂತೆಯೇ. ಆದಕಾರಣ ವಾರ್ನಿಂಗಿನಿಂದ ಮೇಲಿನದನ್ನು ನೇರವಾಗಿ ಪುಸ್ತಕಕ್ಕೇ ಬರೆಯಿಸಿದೆವು. ಪುಸ್ತಕವೂ ಕೊನೆಯಿಲ್ಲದೆ ಬೆಳೆಯಬಾರದು: ಒಂದು ಮೆಗಾಬೈಟಿನ ಐದು ಫೈಲುಗಳು, ಐದೂ ತುಂಬಿದಾಗ ಅತ್ಯಂತ ಹಳೆಯದು ಅಳಿದುಹೋಗುತ್ತದೆ.

ಹೊಸ ದಿನಚರಿಯಿಟ್ಟು ಎರಡು ವಾರವಾಗಿರಲಿಲ್ಲ, ಮೋಟಾರು ಮತ್ತೊಮ್ಮೆ ನಿಂತಿತು. ಈ ಸಲ ಸುಡಲಿಲ್ಲ. ಮೊದಲು ಸ್ಟಾರ್ಟರಿನ ಓವರ್‌ಲೋಡ್ ರಿಲೇ ಪದೇ ಪದೇ ಬೀಳುತ್ತದೆಂದು ಯಾರೋ ಅದರ ಮಿತಿಯನ್ನು ಹೆಚ್ಚಿಸಿಟ್ಟಿದ್ದರು. ಕಾಯಿಲ್ ಸುತ್ತಿದ ಮೆಕ್ಯಾನಿಕ್ ಅದನ್ನು ಸರಿಪಡಿಸಿದ್ದರಿಂದ ಮೋಟಾರು ಉಳಿಯಿತು. ಹುಡುಗನ ತಂದೆ ದಿನಚರಿಯನ್ನು ಅಚ್ಚು ಹಾಕಿಸಿ ತಂದು ನನ್ನ ಮುಂದಿಟ್ಟರು. "ನೋಡಿ ಮೇಷ್ಟ್ರೇ, ನಿಮ್ಮ ಯಂತ್ರವೇ ಹೇಳ್ತಾ ಇದೆ." ಅದರಲ್ಲಿ ಹೀಗಿತ್ತು: ರಾತ್ರಿ 12 ಗಂಟೆ 57 ನಿಮಿಷ, ಹಸಿರು ಗುಂಡಿ ಒತ್ತಲಾಗಿದೆ, ಮೋಟಾರು ಆರಂಭ, ರಿಲೇ ಬಿತ್ತು. ತಾತನೋ, ಕೋಳಿ ಕೂಗಿದ ಮೇಲೆ ಎದ್ದು, ಮೋಟಾರು ನಿಂತಿರುವುದನ್ನು ಕಂಡು ಗುಂಡಿ ಒತ್ತಿದೆ, ರಾತ್ರಿ ಎದ್ದೇ ಇಲ್ಲ ಎಂದಿದ್ದರು.

ನಾನು ಕಾಗದವನ್ನು ನಂಬಿದೆ. ಮನುಷ್ಯ ಮರೆಯಬಹುದು, ಸುಳ್ಳೂ ಹೇಳಬಹುದು. ಯಂತ್ರಕ್ಕೆ ಸುಳ್ಳು ಹೇಳಿ ಆಗಬೇಕಾದದ್ದೇನು ಎಂದುಕೊಂಡೆ. ತಾತನನ್ನು ಕರೆದು ಕೇಳಲೂ ಇಲ್ಲ. ಅವರು ಮರುದಿನದಿಂದ ತೋಟಕ್ಕೆ ಬರುವುದನ್ನು ಬಿಟ್ಟರು.

ತಪ್ಪನ್ನು ಕಂಡವನು ಹುಡುಗ. ಮೂರು ದಿನದ ಮೇಲೆ ರಾತ್ರಿ ಫೋನ್ ಮಾಡಿ, "ಸಾರ್, ಗುಂಡಿಯ ಸಾಲನ್ನು ಬಿಡಿ, ಅದರ ಮೇಲಿನ ಸಾಲುಗಳನ್ನು ಓದಿ" ಎಂದ. ರಾತ್ರಿ 11 ಗಂಟೆ 52 ನಿಮಿಷ, ತೊಟ್ಟಿ ಅರ್ಧ ತುಂಬಿದೆ. ಅದರ ಕೆಳಗೆ: 11 ಗಂಟೆ 17 ನಿಮಿಷ, ಪ್ರೋಗ್ರಾಂ ಆರಂಭ. ಕಾಲ ಮೂವತ್ತೈದು ನಿಮಿಷ ಹಿಂದಕ್ಕೆ ಹರಿದಿತ್ತು!

ಕಾರಣ ಸರಳ. ಕೈಗಡಿಯಾರದಲ್ಲಿರುವಂತೆ ಬ್ಯಾಟರಿಯಿಂದ ಓಡುವ ಗಡಿಯಾರ ಆ ಅಗ್ಗದ ಕಂಪ್ಯೂಟರಿನಲ್ಲಿ ಇಲ್ಲ. ಇಂಟರ್ನೆಟ್ ಇದ್ದರೆ ಅಲ್ಲಿಂದ ವೇಳೆ ತಿಳಿದುಕೊಳ್ಳುತ್ತದೆ. ಮೋಟಾರು ಕೊಠಡಿಯಲ್ಲಿ ಇಂಟರ್ನೆಟ್ ಇಲ್ಲ. ಆದ್ದರಿಂದ ಅದು ಗಂಟೆಗೊಮ್ಮೆ, ಗಂಟೆ ಕಳೆದು 17ನೆಯ ನಿಮಿಷಕ್ಕೆ, ಆಗಿನ ವೇಳೆಯನ್ನು ಒಂದು ಫೈಲಿನಲ್ಲಿ ಗುರುತು ಮಾಡಿಕೊಳ್ಳುತ್ತಿತ್ತು. ವಿದ್ಯುತ್ ಹೋಗಿ ಮರಳಿದಾಗ ನಡುವೆ ಎಷ್ಟು ಹೊತ್ತು ಕಳೆಯಿತೆಂದು ತಿಳಿಯದೆ, ಕೊನೆಯ ಗುರುತಿನಿಂದಲೇ ಎಣಿಕೆಯನ್ನು ಮತ್ತೆ ಆರಂಭಿಸುತ್ತಿತ್ತು. ವಿದ್ಯುತ್ ಹೋದದ್ದು ನಡುರಾತ್ರಿಗೆ ಮೊದಲು. ಬಂದದ್ದು ಎಷ್ಟು ಹೊತ್ತಿಗೋ. ಆ ಹೊತ್ತನ್ನೆಲ್ಲ ಯಂತ್ರ ನುಂಗಿಬಿಟ್ಟಿತ್ತು. ಕಾಗದದ ಮೇಲಿನ 12 ಗಂಟೆ 57 ನಿಮಿಷ ಬೆಳಗಿನ ಜಾವವೂ ಆಗಿರಬಹುದಾಗಿತ್ತು.

ಡಿಎಸ್3231 ಎಂಬ ಪುಟ್ಟ ಗಡಿಯಾರದ ಬಿಲ್ಲೆಯನ್ನು, ನಾಣ್ಯದಂಥ ಬ್ಯಾಟರಿಯೊಡನೆ, ಕೊಂಡು ಜೋಡಿಸಿದೆವು. ಬೆಲೆ ಒಂದು ಕ್ರೇಟು ಟೊಮೇಟೊವಿಗಿಂತ ಕಡಿಮೆ. ಆಯ್ಕೆಯ ಫೈಲಿನಲ್ಲಿ 'ವಿದ್ಯುತ್' ಎಂಬುದರ ಎದುರಿಗೆ ಡಿಬಗ್ ಎಂದು ಬರೆದು ಕಾದೆವು. ಹದಿನೇಳು ದಿನ ಏನೂ ಆಗಲಿಲ್ಲ. ಹದಿನೆಂಟನೆಯ ರಾತ್ರಿಯ ದಿನಚರಿ ಹೀಗಿತ್ತು: 3 ಗಂಟೆ 38 ನಿಮಿಷ, ಪ್ರೋಗ್ರಾಂ ಆರಂಭ. 3 ಗಂಟೆ 38 ನಿಮಿಷ, ನಿಂತ ಕೆಲಸ ಮುಂದುವರಿಕೆ, ಮೋಟಾರು ಆರಂಭ. 3 ಗಂಟೆ 39 ನಿಮಿಷ, ರಿಲೇ ಬಿತ್ತು. ಯಾರೂ ಗುಂಡಿ ಒತ್ತಿರಲಿಲ್ಲ. ಒತ್ತುವವರು ತೋಟದಲ್ಲಿಯೇ ಇರಲಿಲ್ಲ.

ಅದನ್ನು ಓದಿದ ತಂದೆ ಬಹಳ ಹೊತ್ತು ಸುಮ್ಮನಿದ್ದು, "ಈ ವಾರ ನಮ್ಮ ಸರದಿ ಎರಡು ಗಂಟೆಗೇ ಮುಗಿಯುತ್ತಲ್ಲಪ್ಪ" ಎಂದರು. ಎಲ್ಲವೂ ಅಲ್ಲಿಗೆ ಬಯಲಾಯಿತು. ಸರದಿಯ ನಡುವೆ ವಿದ್ಯುತ್ ಪೂರ್ತಿ ಹೋಗಿ, ಸರದಿ ಮುಗಿದ ಮೇಲೆ ಒಂದು ಫೇಸ್ ಕಡಿಮೆಯಾಗಿ ಮರಳಿತ್ತು. ಉಳಿದ ಫೇಸಿನಿಂದ ಕಂಪ್ಯೂಟರಿಗೆ ಜೀವ ಬಂತು. ತನಗೆ ಜೀವ ಬಂದಿದೆ, ಅಂದಮೇಲೆ ಮೋಟಾರಿಗೂ ವಿದ್ಯುತ್ ಬಂದಿದೆ ಎಂದು ಅದು ತಿಳಿಯಿತು. ಮೂರು ಫೇಸಿನ ಮೋಟಾರಿಗೆ ಎರಡೇ ಫೇಸ್ ಕೊಟ್ಟರೆ ಅದು ತಿರುಗಲಾರದೆ ಗುಂಯ್‌ಗುಟ್ಟುತ್ತ, ಮಿತಿಮೀರಿದ ವಿದ್ಯುತ್ತನ್ನು ಎಳೆದುಕೊಂಡು ಕಾಯುತ್ತದೆ. ಚಳಿಗಾಲದಲ್ಲಿ ಸರದಿ ಮುಗಿಯುವ ಮೊದಲೇ ತೊಟ್ಟಿ ತುಂಬುತ್ತಿದ್ದುದರಿಂದ ಮುಂದುವರಿಸಲು ಕೆಲಸವೇ ಉಳಿಯುತ್ತಿರಲಿಲ್ಲ. ದೋಷ ಮೂರು ತಿಂಗಳು ಅಡಗಿ ಕೂತಿತ್ತು. ನನ್ನ ಮೇಜಿನ ಮೇಲೆ ಇದ್ದದ್ದು ಮನೆಯ ಒಂದು ಫೇಸಿನ ಪ್ಲಗ್ಗು. ಅಲ್ಲಿ ಇದು ಕಾಣುವ ಸಂಭವವೇ ಇರಲಿಲ್ಲ. ಹಾಗೆ ಕಾಣದು ಎಂಬುದು ನನಗಾದರೂ ಹೊಳೆಯಬೇಕಿತ್ತು.

ದಾಖಲೆ ತನಗೆ ತಿಳಿದದ್ದನ್ನು ಬರೆಯುತ್ತದೆ, ನಡೆದದ್ದನ್ನೇ ಬರೆಯುತ್ತದೆ ಎಂದಲ್ಲ. ಮೇಲೆ ಹೇಳಿದ ರೈಲಿನ ಮಾತಿಗೇ ಬಂದರೆ, 2023ರ ಫೆಬ್ರವರಿ 8ರಂದು ಕರ್ನಾಟಕದ ಹೊಸದುರ್ಗ ರೋಡ್ ನಿಲ್ದಾಣದಲ್ಲಿ ಸಂಪರ್ಕ ಕ್ರಾಂತಿ ಎಕ್ಸ್‌ಪ್ರೆಸ್ಸಿಗೆ ಸಿಗ್ನಲ್ ತೋರಿಸಿದ ದಾರಿ ಒಂದು, ಹಳಿ ತಿರುಗಿದ್ದ ದಾರಿ ಇನ್ನೊಂದು. ಸ್ಟೇಷನ್ ಮಾಸ್ಟರರ ಫಲಕದಲ್ಲಿ ಎಲ್ಲವೂ ಸರಿಯಾಗಿಯೇ ಕಾಣುತ್ತಿತ್ತು. ಚಾಲಕ ಹಳಿಯನ್ನು ಕಣ್ಣಾರೆ ಕಂಡು ಗಾಡಿ ನಿಲ್ಲಿಸಿದ್ದರಿಂದ ಅನಾಹುತ ತಪ್ಪಿತು. ಮರುದಿನವೇ ನೈಋತ್ಯ ರೈಲ್ವೆಯ ಹಿರಿಯ ಅಧಿಕಾರಿಯೊಬ್ಬರು ವ್ಯವಸ್ಥೆಯಲ್ಲಿ ಗಂಭೀರ ಲೋಪವಿದೆಯೆಂದು ಪತ್ರ ಬರೆದು ಎಚ್ಚರಿಸಿದರು. ನಾಲ್ಕು ತಿಂಗಳೊಳಗೆ, ಜೂನ್ 2ರಂದು, ಒಡಿಶಾದ ಬಹಾನಗಾ ಬಜಾರ್ ನಿಲ್ದಾಣದಲ್ಲಿ ಸಿಗ್ನಲ್ ತಂತಿಗಳ ತಪ್ಪು ಜೋಡಣೆಯಿಂದ ಕೋರಮಂಡಲ್ ಎಕ್ಸ್‌ಪ್ರೆಸ್ ಬೇರೆ ಹಳಿಗೆ ಹೊರಳಿ 290ಕ್ಕೂ ಹೆಚ್ಚು ಜನ ಸತ್ತರು. ನಮ್ಮ ತೋಟದ ಅಳತೆ ಚಿಕ್ಕದು. ದೋಷದ ಜಾತಿ ಅದೇ. ಈಗ ಮೂರು ಫೇಸುಗಳನ್ನೂ ಬೇರೆ ಬೇರೆಯಾಗಿ ನೋಡಿ, ಮೂರೂ ಇದ್ದರೆ ಮಾತ್ರ ಮೋಟಾರು ಓಡುವಂತೆ ಹುಡುಗ ತಿದ್ದಿದ್ದಾನೆ.

ಹಿಡಿದಿಟ್ಟಿದ್ದ ಕೂಲಿಯನ್ನು ತಂದೆಯೇ ತಾತನ ಮನೆಗೆ ಹೋಗಿ ಕೊಟ್ಟರು. ನಾನೂ ಜೊತೆಗೆ ಹೋಗಿದ್ದೆ. ತಾತ ಹಣವನ್ನು ಎಣಿಸಲಿಲ್ಲ, ಕಾಫಿ ಕೊಡಿಸಿದರು. "ಅದರಲ್ಲಿ ಏನ್ ಬರ್ದೈತೆ ಅಂತ ನನಗೂ ಒಂದ್ಸಲ ತೋರ್ಸಿದ್ರೆ ಆಗ್ತಿತ್ತು ಸಾಮಿ" ಎಂದರು. ನನಗೆ ಉತ್ತರ ಹೊಳೆಯಲಿಲ್ಲ. ತೋರಿಸಿದ್ದರೂ ಅವರು ಓದುವಂತಿರಲಿಲ್ಲ. ಹುಡುಗ ಪಾಲಿಟೆಕ್ನಿಕ್ಕಿನಲ್ಲಿ ಕಲಿತ ಅಭ್ಯಾಸದಂತೆ ಎಲ್ಲವನ್ನೂ ಇಂಗ್ಲಿಷಿನ ಮೊಟಕು ಅಕ್ಷರಗಳಲ್ಲಿ ಬರೆಯಿಸಿದ್ದ; ತಂದೆ ತಂದ ಕಾಗದವನ್ನು ನನಗೆ ಓದಿ ಹೇಳಿದವನೂ ಅವನೇ. ತಾತ ಕನ್ನಡ ಶಾಲೆಯಲ್ಲಿ ಐದನೆಯ ತರಗತಿಯವರೆಗೆ ಓದಿದವರು, ಈ ಪತ್ರಿಕೆಯನ್ನು ಕೈಗೆ ಸಿಕ್ಕಾಗಲೆಲ್ಲ ಓದುವವರು. ತಮ್ಮ ಮೇಲಿನ ಆಪಾದನೆಯ ಕಾಗದವನ್ನು ಮಾತ್ರ ಅವರಿಗೆ ಓದಲಾಗಲಿಲ್ಲ.

ಹೀಗಾಗಿ ದಿನಚರಿಯನ್ನು ಕನ್ನಡಕ್ಕೆ ತಂದೆವು. ಅದಕ್ಕೂ ಫೈಲನ್ನು ಯುಟಿಎಫ್-8 ಎಂದು ಹೇಳಿ ತೆರೆಯಬೇಕು. ಹೇಳದಿದ್ದರೆ ಕೆಲವು ಕಂಪ್ಯೂಟರುಗಳಲ್ಲಿ ಅಕ್ಷರದ ಬದಲು ಪ್ರಶ್ನಾರ್ಥಕ ಚಿಹ್ನೆಗಳ ಸಾಲೇ ಬರುತ್ತದೆ. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕು, ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೇಕು. 'ಕ್ಕಿ' ಎಂಬ ಒಂದೇ ಅಕ್ಷರದಲ್ಲಿ ಅಂಥ ನಾಲ್ಕು ಚಿಹ್ನೆಗಳಿವೆ. ಜಾಗ ಹೆಚ್ಚು ಹಿಡಿಯುತ್ತದೆಂದು ಹುಡುಗ ಗೊಣಗಿದ. ಡಿಬಗ್ ಮಟ್ಟದ ಸಾಲುಗಳು ಅವನೊಬ್ಬನಿಗಾಗಿ, ಅವು ಮೊಟಕು ಅಕ್ಷರದಲ್ಲಿಯೇ ಇರಲಿ. ಇನ್ಫೋದಿಂದ ಮೇಲಿನದು ಮನೆಯವರೆಲ್ಲರಿಗಾಗಿ, ಅದು ಕನ್ನಡದಲ್ಲಿ ಇರಲಿ ಎಂದು ಒಪ್ಪಂದವಾಯಿತು. ಕರೆ ಮಾಡಿದವರ ಫೋನ್ ನಂಬರುಗಳು ಪೂರ್ತಿಯಾಗಿ ದಾಖಲಾಗುತ್ತಿದ್ದವು. ಅಚ್ಚು ಹಾಕಿದ ಕಾಗದ ಅಂಗಡಿಯಲ್ಲಿ ಯಾರ ಕೈಗಾದರೂ ಸಿಗಬಹುದಾದ್ದರಿಂದ ಕೊನೆಯ ಎರಡು ಅಂಕೆ ಉಳಿಸಿ ಮಿಕ್ಕದ್ದನ್ನು ಮರೆಮಾಡಿಸಿದೆ.

ತಾತ ಮತ್ತೆ ತೋಟಕ್ಕೆ ಬರುತ್ತಿದ್ದಾರೆ. ಅವರು ಬಂದುಹೋದದ್ದನ್ನೂ ಯಂತ್ರ ತಾನಾಗಿಯೇ ಬರೆಯಲಿ ಎಂಬ ಸೂಚನೆ ಮನೆಯಲ್ಲಿ ಬಂದಾಗ ನಾನು ಬೇಡವೆಂದೆ. ದಿನಚರಿ ಮೋಟಾರಿನದು, ಮನುಷ್ಯನದಲ್ಲ. ಆದರೆ ತಾತನೇ ಬೇರೆ ಕೇಳಿಕೆ ಇಟ್ಟರು. ತಾವು ಸ್ಟಾರ್ಟರನ್ನು ಪರೀಕ್ಷಿಸಿದಾಗ ತಮ್ಮ ಕೈಯಿಂದಲೇ ಒಂದು ಸಾಲು ಬರೆಯುವಂತಾಗಬೇಕು. ಹುಡುಗ ಹಸಿರು ಗುಂಡಿಯ ಪಕ್ಕದಲ್ಲಿ ಹಳದಿಯದೊಂದನ್ನು ಕೂರಿಸಿದ. ಅದು ಮೋಟಾರಿಗೆ ಏನೂ ಮಾಡುವುದಿಲ್ಲ. ಒತ್ತಿದರೆ ದಿನಚರಿಯಲ್ಲಿ "ಬಂದು ನೋಡಿದೆ, ಸರಿಯಾಗಿದೆ" ಎಂಬ ಸಾಲು ಬೀಳುತ್ತದೆ. ಕಳೆದ ಭಾನುವಾರ ಹುಡುಗ ತನ್ನ ಫೋನಿಗೆ ಇಳಿಸಿ ತಂದ ಫೈಲಿನಲ್ಲಿ ಆ ಸಾಲು ಹನ್ನೊಂದು ಸಲ ಇತ್ತು, ಅದರಲ್ಲಿ ಎರಡು ಸಲ ರಾತ್ರಿ ಮೂರು ಗಂಟೆಯ ಹೊತ್ತಿಗೆ.